ಲೈಬ್ರರಿಯನ್ನು ಕೆಳಗಿಳಿಸಿದ ಅಕ್ಕೋರು

ಸಿಟ್ಟು ಬಂದರೆ ಜನ ಎದ್ದು ನಿಲ್ಲುತ್ತಾರೆ. ನಮ್ಮ ಅಕ್ಕೋರು ಕೂತುಬಿಡುತ್ತಿದ್ದರು. ಸ್ಟಾಫ್ ಮೀಟಿಂಗ್‌ನಲ್ಲಿ ತಮಗೆ ಸರಿಕಾಣದ ಮಾತು ಬಂತೆಂದರೆ ಸೀರೆಯ ನೆರಿಗೆ ಒಮ್ಮೆ ಸರಿಮಾಡಿಕೊಂಡು, ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು, ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟು ಕೂರುವರು. ಮೀಟಿಂಗ್ ಮುಗಿದು ಚಹಾದ ಲೋಟಗಳು ಖಾಲಿಯಾಗಿ ಹೋದರೂ ಏಳುತ್ತಿರಲಿಲ್ಲ. ಕೊನೆಗೆ ಹೆಡ್‌ಮಾಸ್ತರು "ಸರಿ ಅಕ್ಕೋರೆ, ನೋಡೋಣ" ಎನ್ನಲೇಬೇಕು. "ನೋಡೂದ್ ಯಾವಾಗ ಸರ್?" ಎಂದು ಕೇಳಿ, ಉತ್ತರ ಸಿಕ್ಕ ಮೇಲಷ್ಟೇ ಎದ್ದು ಹೋಗುವರು. ನನಗೆ ಕಲಿಸಿದ ಕಾನ್ವೆಂಟಿನ ಸಿಸ್ಟರ್‌ಗಳಾದರೆ ರಿಪೋರ್ಟ್ ಕಾರ್ಡ್‌ನಲ್ಲಿ 'ಸ್ಟಬ್ಬರ್ನ್' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಅದಕ್ಕೆ ಸರಿಯಾದ ಕನ್ನಡ ಪದ ನನಗೆ ಇವತ್ತಿಗೂ ಸಿಕ್ಕಿಲ್ಲ. ಹಟ ಎನ್ನಬಹುದು, ಆದರೆ ಹಟ ಮಾಡುವವರಿಗೆ ಸ್ವಂತಕ್ಕೆ ಏನೋ ಬೇಕಿರುತ್ತದೆ. ಅಕ್ಕೋರಿಗೆ ಸ್ವಂತಕ್ಕೆ ಏನು ಬೇಕಿತ್ತೋ, ಅಷ್ಟು ವರ್ಷ ಒಂದೇ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚಿ ಉಂಡರೂ ನನಗೆ ತಿಳಿಯಲಿಲ್ಲ.

ಹೋದ ತಿಂಗಳು ಹಟ್ಟಿಕೇರಿಯಿಂದ ಅವರ ತಮ್ಮ ಫೋನ್ ಮಾಡಿದ್ದರು. "ಮಿಸ್, ಅಕ್ಕ ಹೋದ್ಲು" ಅಂದರು. ಹೋಗಿ ಬರಬೇಕೆಂದಿದ್ದೆ. ನನ್ನ ಮೊಣಕಾಲು ಈಗ ಬಸ್ಸಿನ ಫುಟ್‌ಬೋರ್ಡ್‌ಗೆ ಒಪ್ಪುವುದಿಲ್ಲ. ಮನೆಯಲ್ಲೇ ಕೂತು, ಕಿಟಕಿಯಾಚೆ ಕಾರವಾರದ ಬಿಸಿಲನ್ನು ನೋಡುತ್ತ, ಅವರ ಸಂಗತಿಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ.

ನಮ್ಮ ಕಡೆ ಹೆಣ್ಣುಮಕ್ಕಳು ಟೀಚರ್ ಆದರೆ ಅಕ್ಕೋರು ಎನ್ನುತ್ತಾರೆ. ಕಾರವಾರದ ನಮ್ಮ ಶಾಲೆಯಲ್ಲಿ ಬೇರೆ ಹೆಣ್ಣು ಟೀಚರ್‌ಗಳೂ ಇದ್ದೆವು, ಆದರೆ ಅಕ್ಕೋರು ಅಂದರೆ ಅವರೊಬ್ಬರೇ. ನಾನು ಇಂಗ್ಲಿಷ್ ಕಲಿಸುವವಳು, ಗಂಜಿ ಹಾಕಿದ ಕಾಟನ್ ಸೀರೆಯವಳು, ಹಾಗಾಗಿ ನಾನು ಮಿಸ್. ಅವರು ಅಂಕೋಲೆಯ ಶಾಲೆಯಿಂದ ವರ್ಗವಾಗಿ ಬಂದ ಕನ್ನಡ ಅಕ್ಕೋರು. ರೈತರ ಮನೆಯ ಮಗಳು. ದೊಡ್ಡ ಹೆಜ್ಜೆ, ದೊಡ್ಡ ಗಂಟಲು. ಹಟ್ಟಿಕೇರಿಯಲ್ಲಿ ಬೆಳಗಿನ ಬಸ್ ಹಿಡಿದು, ಅರ್ಗಾ ದಾಟಿ, ಬಿಣಗಾ ಘಟ್ಟ ಹತ್ತಿಳಿದು ಬರುವರು. ಬಂದವರೇ ಚೀಲದಿಂದ ಒಂದು ಹಿಡಿ ಅಬ್ಬಲಿಗೆ ತೆಗೆದು, ಕೇಳದೇ ನನ್ನ ತುರುಬಿಗೆ ಸಿಕ್ಕಿಸುವರು. "ಇಂಗ್ಲೀಷ್ ತಲೆಗೂ ಚೂರು ಹೂವು ಬೇಕು ಮಿಸ್!" ನಾನು ಪ್ರತಿ ಸಲ "ಓಹ್ ಪ್ಲೀಸ್" ಎನ್ನುತ್ತಿದ್ದೆ. ಪ್ರತಿ ಸಲ ಮುಡಿದುಕೊಂಡೇ ಕ್ಲಾಸಿಗೆ ಹೋಗುತ್ತಿದ್ದೆ.

ಬಂದ ವರ್ಷವೇ ಅವರಿಗೆ ಲೈಬ್ರರಿ ಚಾರ್ಜ್ ಕೊಟ್ಟರು. ಯಾರಿಗೂ ಬೇಡವಾದ ಕೆಲಸವದು. ನಮ್ಮ ಲೈಬ್ರರಿ ಎಂದರೆ ಹಳೆ ಕಟ್ಟಡದ ಮಹಡಿಯ ಮೇಲೆ, ಗಾಜಿನ ಬಾಗಿಲ ಕಪಾಟುಗಳಲ್ಲಿ ಬೀಗ ಹಾಕಿಟ್ಟ ಪುಸ್ತಕಗಳು. ಪುಸ್ತಕ ಕಳೆದರೆ ಚಾರ್ಜಿನಲ್ಲಿದ್ದವರು ಉತ್ತರ ಕೊಡಬೇಕು. ಹೀಗಾಗಿ ಹಿಂದಿನ ಮಾಸ್ತರರು ರಿಟೈರ್ ಆಗುವಾಗ ಬೀಳ್ಕೊಡುಗೆ ಭಾಷಣದಲ್ಲಿ ಹೆಮ್ಮೆಯಿಂದ ಹೇಳಿದ್ದರು: ತಾವು ಬಂದಾಗ ಹೇಗಿದ್ದವೋ ಪುಸ್ತಕಗಳು ಇವತ್ತಿಗೂ ಹಾಗೇ ಇವೆ, ಒಂದು ಹಾಳೆ ಮಡಚಿಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಅಕ್ಕೋರು ಚಾರ್ಜ್ ತೆಗೆದುಕೊಂಡ ವಾರವೇ ಕೀಲಿಕೈ ಗೊಂಚಲನ್ನು ಹೊರಗಿನ ಮೊಳೆಗೆ ನೇತುಹಾಕಿದರು.

"ಅಕ್ಕೋರೆ, ಪುಸ್ತಕ ಕಳೆದರೆ?" ಹೆಡ್‌ಮಾಸ್ತರು ಕೇಳಿದರು. ಒಳ್ಳೆಯ ಮನುಷ್ಯ, ಪಾಪ. ಮೇಲಿನ ಆಫೀಸಿನಿಂದ ಫೋನ್ ಬಂತೆಂದರೆ ನಿಂತುಕೊಂಡೇ ಮಾತಾಡುತ್ತಿದ್ದವರು.

"ಕಳೀಲಿ ಸರ್. ಓದೂಕೆ ಯಾರೋ ಒಬ್ಬ ಒಯ್ದ ಅಂತಾದ್ರೂ ಗೊತ್ತಾಗ್ತದೆ."

ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ, ಈಗ ಅವಳದೇ ಸಂಸಾರ, ಅವಳದೇ ಬದುಕು. ಅರ್ಗಾದ ಕಡೆಯ ಕುಟುಂಬ, ಆಗ ಶಿರವಾಡದಲ್ಲಿ ಮನೆ. ಅಪ್ಪ ಗವಂಡಿ ಕೆಲಸದವನು, ಕಲ್ಲು-ಸಿಮೆಂಟು. ಹುಡುಗಿಗೆ ಹುಟ್ಟಿನಿಂದ ಕಾಲಿನಲ್ಲಿ ಬಲವಿಲ್ಲ. ಯಾವುದೋ ಕ್ಯಾಂಪ್‌ನಲ್ಲಿ ಕೊಟ್ಟ ವ್ಹೀಲ್‌ಚೇರ್ ಇತ್ತು. ಕೈಯಲ್ಲಿ ಮಾತ್ರ ಎಂಥ ಶಕ್ತಿ! ಹೊಸ ಕಟ್ಟಡದ ಕ್ಲಾಸ್‌ರೂಮು ಅಂಗಳದ ಮಟ್ಟಕ್ಕೇ ಇದ್ದುದರಿಂದ ಪಾಠಕ್ಕೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಲೈಬ್ರರಿ ಪೀರಿಯಡ್‌ಗೆ. ಒಂದು ಶುಕ್ರವಾರ ಅಕ್ಕೋರು ಏನೋ ಮರೆತು ಕೆಳಗೆ ಬಂದಾಗ, ಖಾಲಿ ಕ್ಲಾಸಿನಲ್ಲಿ ಇವಳೊಬ್ಬಳೇ ಕೂತಿದ್ದಳು. ನಾನು ಪಕ್ಕದ ಕ್ಲಾಸಿನಲ್ಲಿ ಕಾಂಪೊಸಿಷನ್ ತಿದ್ದುತ್ತಿದ್ದೆ, ಮಾತು ಕೇಳುತ್ತಿತ್ತು.

"ಎಲ್ಲಾರೂ ಮೇಲೆ ಹೋಗಿರು. ನೀ ಇಲ್ಲಿ ಯಂತಾ ಮಾಡ್ತೀ?"

"ಬ್ಯಾಗ್ ಕಾಯ್ತೆ ಅಕ್ಕೋರೆ. ಲೈಬ್ರರಿ ಪಿರಿಯಡ್ಡಿಗೆ ನಂಗೆ ಅದೇ ಡ್ಯೂಟಿ."

"ಕಳ್ಳರು ಬರ್ತರೇನೆ?"

"ಬಂದ್ರೆ ಅವ್ರಿಗೆ ಹೆದ್ರಿಕಿಲ್ಲ ಬಿಡಿ. ನಾ ಓಡ್ಸಕಂಡ್ ಹೋಗೂದಿಲ್ಲಲ್ಲ!"

ಹುಡುಗಿ ನಕ್ಕಳು. ಅಕ್ಕೋರು ನಗಲಿಲ್ಲ ಎಂಬುದು ಗೋಡೆಯಾಚೆಗೂ ತಿಳಿಯಿತು.

ಮುಂದಿನ ಶುಕ್ರವಾರವೇ ಅಕ್ಕೋರು ಏರ್ಪಾಟು ಮಾಡಿದರು. ಪ್ಯೂನ್ ಮತ್ತು ಹತ್ತನೇ ಕ್ಲಾಸಿನ ಗಟ್ಟಿ ಹುಡುಗರು ಸೇರಿ ಹುಡುಗಿಯನ್ನು ಕುರ್ಚಿಸಮೇತ ಎತ್ತಿ ಮೆಟ್ಟಿಲೇರಿದರು. ತಿರುವಿನಲ್ಲಿ ಕುರ್ಚಿ ವಾಲಿತು. ಅವಳ ಲಂಗ ಕಂಬಿಗೆ ಸಿಕ್ಕಿ ಮೊಣಕಾಲ ತನಕ ಸರಿಯಿತು. ಒಬ್ಬ ಹುಡುಗ "ಏ, ಗಟ್ಟಿ ಹಿಡ್ಕಳೇ, ಬಿದ್ರೆ ನಾವೂ ಹೋದ್ವಿ" ಎಂದ, ಉಳಿದವರು ನಕ್ಕರು. ಕೆಟ್ಟ ಹುಡುಗರಲ್ಲ, ಆ ವಯಸ್ಸಿನ ಹುಡುಗರು ಅಷ್ಟೆ. ಮೇಲೆ ಹೋದವಳು ಒಂದು ಪುಸ್ತಕವನ್ನೂ ಮುಟ್ಟಲಿಲ್ಲ. ಪೀರಿಯಡ್ ಮುಗಿಯುವ ತನಕ ಲಂಗದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಸೋಮವಾರ ಶಾಲೆಗೆ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ.

"ಮಿಸ್, ನಡೀರಿ ಶಿರವಾಡಕ್ಕೆ" ಎಂದರು ಅಕ್ಕೋರು.

ಮನೆಯಲ್ಲಿ ಅಮ್ಮ ಮೀನು ಹಸನು ಮಾಡುತ್ತಿದ್ದವಳು ಕೈ ತೊಳೆದು ಬಂದಳು. ಚಾಪೆ ಹಾಸಿದಳು. ಅಪ್ಪ ಬಾಗಿಲಲ್ಲೇ ನಿಂತಿದ್ದ. ಮಾತು ಶುರುಮಾಡಿದವಳು ಅಮ್ಮನೇ.

"ಅಕ್ಕೋರೆ, ಅವ್ಳು ಈಗ ಸಣ್ಣ ಪೋರಿ ಅಲ್ಲ, ದೊಡ್ಡವಳಾಗೀದಳು. ಗಂಡು ಹುಡ್ಗರು ಎತ್ತೂದು, ಇಳ್ಸೂದು... ನಮ್ಗೆ ಬ್ಯಾಡ."

"ಪರೀಕ್ಷೆಗೆ ಕಳಿಸ್ತೆ" ಎಂದ ಅಪ್ಪ, ನೆಲ ನೋಡುತ್ತ. "ಹತ್ತನೇತ್ತಿಗೆ ಬ್ಯಾಡ. ಓದಿದ್ದು ಸಾಕು."

ನಾನು ಬಾಯಿ ತೆರೆದೆ. ಎಜುಕೇಶನ್, ಫ್ಯೂಚರ್ ಎಂದೇನೋ ಹೇಳುವವಳಿದ್ದೆ. ಅಕ್ಕೋರು ನನ್ನ ಮೊಣಕೈ ಒತ್ತಿದರು. ಒಳಕೋಣೆಯ ಹೊಸ್ತಿಲಲ್ಲಿ ಹೋಗಿ, ಹುಡುಗಿಯ ಕಣ್ಣಿಗಿಂತ ಕೆಳಗಾಗುವಂತೆ ನೆಲದ ಮೇಲೆ ಕೂತರು.

"ತಪ್ಪು ನಂದು ತಂಗಿ. ನಿನ್ನ ಕೇಳ್ದೇ ಎತ್ತಿಸ್ದೆ."

ಹುಡುಗಿ ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದಳು, "ನಾ ಅಕ್ಕಿ ಮೂಟೆ ಅಲ್ಲ ಅಕ್ಕೋರೆ."

"ಅಲ್ಲ. ಇನ್ನು ನಿನ್ನ ಯಾರೂ ಎತ್ತೂಕಿಲ್ಲ. ಲೈಬ್ರರೀನೇ ಎತ್ತಿ ಕೆಳಗೆ ತರ್ತೆ."

"ಹಂ. ತಂದ್ ಮೇಲೆ ಹೇಳಿ."

ಹದಿನಾಲ್ಕು ವರ್ಷದ ಹುಡುಗಿ ಹೀಗೆ ಹೇಳಿದರೆ ಬೇರೆ ಟೀಚರ್‌ಗಳಿಗೆ ಕೋಪ ಬರುತ್ತಿತ್ತು. ಅಕ್ಕೋರು ಅಪ್ಪನ ಕಡೆ ತಿರುಗಿ, "ಜೂನಲ್ಲಿ ಶಾಲೆ ಸುರುವಾಗೂದ್ರೊಳಗೆ ಅವ್ಳು ತಾನೇ ತಾನಾಗಿ ಲೈಬ್ರರಿ ಒಳಗೆ ಹೋಗೂ ಹಾಂಗೆ ಆದ್ರೆ ಹತ್ತನೇತ್ತಿಗೆ ಕಳಿಸ್ತ್ರಾ?" ಎಂದು ಕೇಳಿದರು. ಅವನು "ಆದ್ರೆ ನೋಡ್ವಾ" ಎಂದ. "ನೋಡೂದಲ್ಲ, ಕಳಿಸೂದು" ಎಂದು ಹೇಳಿಸಿಕೊಂಡೇ ಎದ್ದರು. ವಾಪಸ್ ಬರುವಾಗ ರಿಕ್ಷಾದಲ್ಲಿ ನಾನು, "ಹೇಗೆ ಮಾಡ್ತೀರಿ?" ಎಂದೆ. "ಗೊತ್ತಿಲ್ಲ ಮಿಸ್" ಎಂದರು. ಅವರಿಗೆ ಗೊತ್ತಿಲ್ಲದೇ ಇದ್ದದ್ದು ನನಗೆ ಅಷ್ಟೊಂದು ಧೈರ್ಯ ಕೊಟ್ಟದ್ದು ಯಾಕೋ!

ಹಳೆ ಕಟ್ಟಡದ ಕೆಳಗಿನ ಕೋಣೆಯಲ್ಲಿ ಮುರಿದ ಬೆಂಚು, ಹರಿದ ವಾಲಿಬಾಲ್ ನೆಟ್ಟು, ಗ್ಯಾದರಿಂಗ್ ನಾಟಕದ ಬಣ್ಣದ ಪರದೆಗಳು ಇದ್ದವು. ಅದನ್ನು ಲೈಬ್ರರಿ ಮಾಡಲು ಹೆಡ್‌ಮಾಸ್ತರು ಒಪ್ಪಿದರು. ಅಕ್ಕೋರು ಕೂತದ್ದಕ್ಕೆ ಒಪ್ಪಿದರೆಂದು ಬೇರೆ ಹೇಳಬೇಕಿಲ್ಲ. ಆದರೆ ಆ ಕಟ್ಟಡದ ಜಗಲಿಯೇ ಎತ್ತರ. ಮುಂದೆ ಮೆಟ್ಟಿಲು. ಇಳಿಜಾರು ದಾರಿ ಬೇಕೆಂದರೆ ಮೇಲಿನ ಆಫೀಸಿನ ಒಪ್ಪಿಗೆ ಬೇಕು, ಇಂಜಿನಿಯರ್ ಬಂದು ನೋಡಬೇಕು. ನಾನು ಇಂಗ್ಲಿಷ್‌ನಲ್ಲಿ ಅರ್ಜಿ ಬರೆದುಕೊಟ್ಟೆ. ಎಂಥ ಅರ್ಜಿ! 'ಡಿಗ್ನಿಟಿ' ಎಂಬ ಪದ ಪ್ರತಿ ಪ್ಯಾರಾದಲ್ಲೂ ಇತ್ತು. ಉತ್ತರ ಬರಲೇ ಇಲ್ಲ.

ಬಂದದ್ದು ಚುನಾವಣೆ. ನಮ್ಮ ಶಾಲೆಯೇ ಬೂತು, ಆ ಕೋಣೆಯೇ ಓಟು ಹಾಕುವ ಜಾಗ. ಮತದಾನದ ಹಿಂದಿನ ದಿನ ಒಬ್ಬ ಬಡಗಿ ಗಾಡಿಯಲ್ಲಿ ಹಲಗೆ ತಂದು, ನಡೆಯಲಾಗದ ಮತದಾರರಿಗೆಂದು ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿದ. ಹಿಡಿದುಕೊಳ್ಳಲು ಬಿದಿರಿನ ಕಂಬಿ ಬೇರೆ. ನಾವು ತಿಂಗಳುಗಟ್ಟಲೆ ಕೇಳಿದ್ದು ಅರ್ಧ ದಿನದಲ್ಲಿ ಎದ್ದು ನಿಂತಿತು. ಮತದಾನ ಮುಗಿದ ಮಾರನೇ ಬೆಳಿಗ್ಗೆ ಬಡಗಿ ಸುತ್ತಿಗೆ ಹಿಡಿದು ವಾಪಸ್ ಬಂದ. ಬಂದು ನೋಡಿದರೆ ಇಳಿಜಾರಿನ ನಟ್ಟನಡುವೆ ಅಕ್ಕೋರು.

"ಅಕ್ಕೋರೆ, ಏಳಿ. ಹಲಗೆ ಬಿಚ್ಚೂದದೆ."

"ಬಿಚ್ಚು. ನಾ ಕೂತ ಹಲಗೆ ಬಿಟ್ಟು ಉಳಿದದ್ದು ಬಿಚ್ಚು."

"ಎಲ್ಲಾ ಹಲಗೆ ಮೇಲೂ ನಿಮ್ ಸೀರೆ ಹರಡ್ಕಂಡದಲ್ರಾ!"

ಹೆಡ್‌ಮಾಸ್ತರು ಓಡಿ ಬಂದರು. "ಅಕ್ಕೋರೆ, ಇದು ಓಟು ಹಾಕೋರಿಗಾಗಿ ಮಾಡಿದ್ದು."

"ಹೌದು ಸರ್. ಆ ಹುಡ್ಗಿಗೂ ಹದಿನೆಂಟು ಆಗ್ತದೆ. ಅಲ್ಲಿ ತನಕ ಅವ್ಳು ಕಾಯ್ಬೇಕು, ಹಲಗೆ ಕಾಯೂದಿಲ್ಲ, ಅಲ್ಲಾ?"

ಎಲ್ಲರೂ ನನ್ನ ಕಡೆ ನೋಡಿದರು, ನಾನು ಬುದ್ಧಿ ಹೇಳುತ್ತೇನೆಂದು. ನಾನು ಛತ್ರಿ ಮಡಚಿ ಪಕ್ಕಕ್ಕಿಟ್ಟು, ಗಂಜಿಯ ಸೀರೆ ಮುದುಡಿದರೆ ಮುದುಡಲಿ ಎಂದು, ಅಕ್ಕೋರ ಪಕ್ಕ ಕೂತೆ. ಬೆನ್ನು ನೇರ, ಕಾಲು ಜೋಡಿಸಿ. ಸಿಸ್ಟರ್‌ಗಳು ಕಲಿಸಿದ ಹಾಗೆ. ಬಡಗಿ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚಿದ. ಬಿಸಿಲೇರಿತು. ಪ್ಯೂನ್ ನಮಗೆ ಎಳನೀರು ತಂದುಕೊಟ್ಟ. ಬಡಗಿಗೂ ಒಂದು ಕೊಟ್ಟ. ಕೊನೆಗೆ ಹೆಡ್‌ಮಾಸ್ತರು ಆಫೀಸಿಗೆ ಫೋನ್ ಮಾಡಿದರು. ಆ ಸಲ ಮಾತ್ರ ಕೂತುಕೊಂಡೇ ಮಾತಾಡಿದರೆಂದು ಪ್ಯೂನ್ ಆಮೇಲೆ ನಮಗೆ ಹೇಳಿದ. ಹೊರಗೆ ಬಂದು, "ಮಳೆಗಾಲದೊಳಗೆ ಊರವರೇ ಸೇರಿ ಪಕ್ಕಾ ಇಳಿಜಾರು ಕಟ್ಟಿಕೊಳ್ಳಿ ಅಂದ್ರು. ಅಲ್ಲಿವರೆಗೆ ಹಲಗೆ ಇರಲಿ" ಎಂದರು. ಬಡಗಿ ಎದ್ದು, "ಮೊದಲೇ ಹೇಳಿದ್ರೆ ನಾ ಮನೇಲಿ ಮಲಗ್ತಿದ್ದೆ" ಎಂದು ಗಾಡಿ ಹತ್ತಿದ.

ಪಕ್ಕಾ ಇಳಿಜಾರು ಕಟ್ಟಿದ್ದು ಯಾರು? ಹುಡುಗಿಯ ಅಪ್ಪನೇ. ಅಕ್ಕೋರು ಹೋಗಿ ಕರೆದರು. ಬರಲಾರೆ ಎನ್ನುವ ಬಾಯಿ ಅವನಿಗಿರಲಿಲ್ಲ. ಮೇ ತಿಂಗಳ ಉರಿಯಲ್ಲಿ ಕಲ್ಲು ಕಟ್ಟಿ, ಸಿಮೆಂಟು ಸಾರಿಸಿ, ನೀರು ಕುಡಿಸಿ ಮುಗಿಸಿದ. ನೋಡಲು ಚೆಂದವಾಗಿತ್ತು, ಗಿಡ್ಡವಾಗಿ, ಮೆಟ್ಟಿಲಿನ ಪಕ್ಕ ಅಚ್ಚುಕಟ್ಟಾಗಿ. ಅಕ್ಕೋರು ಮಗಳ ವ್ಹೀಲ್‌ಚೇರ್ ತರಿಸಿ ಅವನ ಮುಂದಿಟ್ಟರು.

"ಕೂತ್ಕಳಿ. ನೀವೇ ಹತ್ತಿ ತೋರ್ಸಿ."

ಅವನು ನಾಚಿಕೊಂಡು ಕೂತ. ಕಲ್ಲು ಹೊತ್ತ ತೋಳು ಅವನದು. ಅರ್ಧ ಏರಿದ, ಕುರ್ಚಿ ನಿಂತಿತು, ಹಿಂದಕ್ಕೆ ಜಾರಿತು. ಇನ್ನೊಮ್ಮೆ ಏರಿದ, ಇನ್ನೊಮ್ಮೆ ಜಾರಿದ. ಕೆಲಸದವರು ನಗತೊಡಗಿದರು. ಅವನು ನಗಲಿಲ್ಲ. ಕುರ್ಚಿಯಲ್ಲೇ ಕೂತು, ಚಕ್ರದ ಮೇಲಿದ್ದ ತನ್ನ ಅಂಗೈಗಳನ್ನು ನೋಡಿಕೊಂಡ. ಅಂಗಳದಿಂದ ಮನೆ ತನಕ, ಮನೆಯಿಂದ ಶಾಲೆ ತನಕ ಆ ಚಕ್ರ ತಿರುಗಿಸುತ್ತಿದ್ದ ಕೈ ಯಾರದೆಂದು ಅವನಿಗೆ ಆಗ ಹೊಳೆದಿರಬೇಕು. ಎದ್ದವನೇ ಹಾರೆ ತರಿಸಿ ತಾನು ಕಟ್ಟಿದ್ದನ್ನು ತಾನೇ ಒಡೆದ. ಎರಡನೇ ಸಲ ಕಟ್ಟಿದ್ದು ಅಂಗಳದ ಅರ್ಧ ಹಿಡಿಯುವಷ್ಟು ಉದ್ದವಿತ್ತು, ಹತ್ತುವುದೇ ಗೊತ್ತಾಗದಷ್ಟು ಮೆಲ್ಲಗೆ ಏರುತ್ತಿತ್ತು. ಮೇಲೆ ಮಳೆಗೆ ತಗಡಿನ ಮಾಡನ್ನೂ ಹಾಕಿದ. ಹತ್ತನೇತ್ತಿಗೆ ಬೇಡವೆಂಬ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಆದರೆ ಹುಡುಗಿಯ ಮಾತು ಬಾಕಿ ಇತ್ತು. ಶಾಲೆಗೆ ಬರಲು ಒಪ್ಪಿದ್ದರೂ ಲೈಬ್ರರಿಗೆ ಬರುತ್ತೇನೆಂದು ಅವಳು ಒಮ್ಮೆಯೂ ಹೇಳಿರಲಿಲ್ಲ.

ಜೂನ್ ಬಂತು. ಕಪಾಟುಗಳು ಕೆಳಗಿಳಿದವು. ಗಾಜಿನ ಬಾಗಿಲು ಕಳಚಿ, ಕೂತವರ ಕೈಗೆ ಎಟುಕುವಷ್ಟು ತಗ್ಗಿನಲ್ಲಿ ಪುಸ್ತಕ ಜೋಡಿಸಿ, ನಡುವೆ ಕುರ್ಚಿ ತಿರುಗುವಷ್ಟು ಜಾಗ ಬಿಟ್ಟೆವು. ಕಣ್ಣು ಮಂಜಾಗಿದ್ದ ಒಬ್ಬ ಹುಡುಗನಿದ್ದ. ಅವನಿಗೆ ಓದಿ ಹೇಳಲೆಂದು ಅಕ್ಕೋರು ಗೋಡೆಯ 'ಮೌನವಾಗಿರಿ' ಬೋರ್ಡನ್ನೂ ಕಿತ್ತು ಅಟ್ಟಕ್ಕೆ ಹಾಕಿದರು. "ಲೈಬ್ರರಿಯಲ್ಲಿ ಸೈಲೆನ್ಸ್ ಇಲ್ಲದಿದ್ದರೆ ಹೇಗೆ?" ಎಂದೆ ನಾನು, ಕಾನ್ವೆಂಟಿನ ಶಿಸ್ತು. "ಕಿವೀಲಿ ಓದೂರಿಗೆ ಸದ್ದು ಬೇಕಲ್ಲ ಮಿಸ್" ಎಂದರು. ಸರಸ್ವತಿಯ ಫೋಟೋಗೆ ಹೂವು ಹಾಕಿ, ಕಾಯಿ ಒಡೆದು, ಪಂಚಕಜ್ಜಾಯ ಹಂಚಿ ಲೈಬ್ರರಿ ತೆರೆದೆವು.

ಮೊದಲ ಪೀರಿಯಡ್ ದಿನ ಬಿರುಮಳೆ. ಅಂಗಳವೆಲ್ಲ ಕೆಂಪು ಕೆಸರು. ಸರಸ್ವತಿ ಇರುವ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಯಾರೂ ಹೇಳಬೇಕಾಗಿಲ್ಲ, ಕಾಲು ತಾನಾಗಿಯೇ ಬಿಡುತ್ತದೆ. ಆವತ್ತು ಇಡೀ ಕ್ಲಾಸು ಹಾಗೇ ಬಿಟ್ಟಿತು. ಎಲ್ಲಿ? ಮಳೆ ಬೀಳದ ಜಾಗ ಅದೊಂದೇ, ತಗಡಿನ ಕೆಳಗಿನ ಇಳಿಜಾರು. ಆಮೇಲೆ ಹುಡುಗಿ ಬಂದಳು. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಚಕ್ರಕ್ಕೆ ಮೆತ್ತಿದ ಕೆಸರು. ಇಳಿಜಾರಿನ ಬುಡದಲ್ಲಿ ನಿಂತು ಮೇಲೆ ನೋಡಿದಳು. ಬುಡದಿಂದ ಬಾಗಿಲ ತನಕ ಚಪ್ಪಲಿಯೇ ಚಪ್ಪಲಿ.

ಪ್ಯೂನ್ ಗಡಿಬಿಡಿಯಿಂದ ಬಂದು ಕಾಲಲ್ಲಿ ಚಪ್ಪಲಿ ಸರಿಸತೊಡಗಿದ. ಹೆಡ್‌ಮಾಸ್ತರು ಜಗಲಿಯಿಂದ, "ಚಕ್ರ ಸ್ವಲ್ಪ ತೊಳೆದುಕೊಂಡು ಬರಲಿ. ಒಳಗೆ ದೇವರಿದೆ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಒಳಗಿದ್ದ ಹುಡುಗರಲ್ಲೊಬ್ಬ, "ಕುರ್ಚಿ ಹೊರಗಿರಲಿ ಸರ್, ಅವ್ಳನ್ನ ನಾವ್ ಎತ್ಕಂಡ್ ಬರ್ತೊ" ಎಂದ. ಹುಡುಗಿಯ ಕೈ ಚಕ್ರಕ್ಕೆ ಹೋಯಿತು. ಕುರ್ಚಿ ಹಿಂದಕ್ಕೆ ತಿರುಗತೊಡಗಿತು.

ಅಕ್ಕೋರು ಒಳಗಿನಿಂದ ಬರಿಗಾಲಲ್ಲಿ ಹೊರಗೆ ಬಂದರು. ಒಮ್ಮೆ ಎಲ್ಲರನ್ನೂ ನೋಡಿದರು. ಆವತ್ತು ಮಾತ್ರ ಅವರು ಕೂರಲಿಲ್ಲ. ಇಳಿಜಾರು ಇಳಿದು, ರಾಶಿಯಲ್ಲಿ ತಮ್ಮ ಚಪ್ಪಲಿ ಹುಡುಕಿ, ಮೆಟ್ಟಿಕೊಂಡು, ಅಂಗಳದ ಕೆಸರಿನಲ್ಲಿ ನಿಂತು ಕಾಲು ಚೆನ್ನಾಗಿ ಒತ್ತಿದರು. ಆಮೇಲೆ ಮೇಲೇರಿ ಸೀದಾ ಲೈಬ್ರರಿಯೊಳಗೆ, ಸರಸ್ವತಿಯ ಫೋಟೋದ ತನಕ ನಡೆದರು. ಹೊಸದಾಗಿ ಸಾರಿಸಿದ ನೆಲದ ಮೇಲೆ ಕೆಂಪು ಹೆಜ್ಜೆ ಬಿದ್ದವು.

"ಎಲ್ಲಾರೂ ಹೊರಗೆ ಹೋಗಿ ಚಪ್ಪಲ್ ಹಾಕ್ಕಂಡ್ ಬರೂದು. ಇನ್ನು ಇಲ್ಲಿ ಚಪ್ಪಲ್ ಬಿಡೂದಿಲ್ಲ."

"ಅಕ್ಕೋರೆ," ಹೆಡ್‌ಮಾಸ್ತರು ಬಾಗಿಲ ತನಕ ಬಂದರು, "ಇದು ಸರಸ್ವತಿಯ ಜಾಗ."

"ಹೌದು ಸರ್. ಕೆಸರು ನಾ ದಿನಾ ಒರೆಸ್ತೆ, ದೇವಿ ಕಾಲೂ ತೊಳೀತೆ. ಈ ಹುಡ್ಗಿ ಈಗ ವಾಪಸ್ ಹೋದ್ರೆ ಅದ್ನ ಯಂತದ್ರಲ್ಲಿ ತೊಳೂದು? ಹೇಳಿ."

ಹೆಡ್‌ಮಾಸ್ತರು ಬಾಗಿ, ಇಳಿಜಾರಿನ ಅಂಚಿನಲ್ಲಿದ್ದ ಯಾರದೋ ಒಂದು ಜೊತೆ ಚಪ್ಪಲಿಯನ್ನು ಕೈಯಲ್ಲಿ ಎತ್ತಿ, "ಯಾರದಿದು? ಬಂದು ಹಾಕ್ಕೊಳ್ಳಿ" ಎಂದರು. ಮಕ್ಕಳು ನುಗ್ಗಿ ಬಂದರು. ಕ್ಷಣದಲ್ಲಿ ಇಳಿಜಾರು ಖಾಲಿಯಾಯಿತು. ಹುಡುಗಿ ಅರ್ಧ ತಿರುಗಿಸಿದ ಕುರ್ಚಿಯನ್ನು ಹಾಗೇ ಹಿಡಿದು ನೋಡುತ್ತಿದ್ದಳು. ಯಾರೂ ಬಾ ಎನ್ನಲಿಲ್ಲ. ಅಕ್ಕೋರು ಕಣ್ಣಲ್ಲೇ ಎಲ್ಲರ ಬಾಯಿ ಮುಚ್ಚಿಸಿದ್ದರು. ಆಮೇಲೆ ಅವಳು ಬಂದಳು. ಅಪ್ಪ ಕಟ್ಟಿದ ಇಳಿಜಾರನ್ನು ಅವಸರವಿಲ್ಲದೆ ಏರಿ, ಕಪಾಟುಗಳ ನಡುವೆ ಹೋಗಿ, ಒಂದು ಪುಸ್ತಕ ತೆಗೆದಳು, ವಾಪಸಿಟ್ಟಳು, ಇನ್ನೊಂದು ತೆಗೆದಳು. ಗಂಟೆ ಬಾರಿಸುವ ತನಕ ಅದೇ. ತೆಗೆಯುವುದು, ಒಂದು ಹಾಳೆ ಓದುವುದು, ಇಡುವುದು. ಬೇಡ ಎನ್ನುವುದು ಎಷ್ಟು ದೊಡ್ಡ ಸುಖವೆಂದು ನಾನು ಆವತ್ತು ತಿಳಿದೆ.

ಮುಂದೆ ಅವಳು ಎಸ್ಸೆಸ್ಸೆಲ್ಸಿ ಪಾಸಾದಳು, ಕಾಲೇಜಿಗೂ ಹೋದಳು. ಅಕ್ಕೋರು ರಿಟೈರ್ ಆಗುವ ತನಕ ಮಳೆಗಾಲದಲ್ಲಿ ದಿನಾ ಸಂಜೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಲೈಬ್ರರಿಯ ನೆಲ ಒರೆಸಿದರು, ಪ್ಯೂನ್‌ಗೆ ಬಿಟ್ಟುಕೊಡಲಿಲ್ಲ. ಆದರೆ ನಾನು ಹೇಳಬೇಕೆಂದಿರುವುದು ಆ ಮೊದಲ ಪೀರಿಯಡ್ಡಿನ ಕೊನೆಯದು. ಗಂಟೆಯಾಯಿತು, ಮಕ್ಕಳು ಓಡಿದರು. ಹುಡುಗಿ ಆರಿಸಿದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಬಂದಳು. ಸಿಮೆಂಟಿನ ಮೇಲೆಲ್ಲ ಚಪ್ಪಲಿಗಳ ಕೆಸರು ಅಂಟಿ ಜಾರುತ್ತಿತ್ತು. ಅಕ್ಕೋರು ಗಾಬರಿಯಾಗಿ ಹಿಂದಿನಿಂದ ಕುರ್ಚಿಯ ಹಿಡಿ ಹಿಡಿದುಕೊಂಡರು. ಅಷ್ಟು ತಿಂಗಳಲ್ಲಿ ಅವರ ಮುಖದಲ್ಲಿ ಹೆದರಿಕೆ ಕಂಡದ್ದು ಆಗಲೇ.

ಹುಡುಗಿ ತಿರುಗಿ ನೋಡಲಿಲ್ಲ. "ಕೈ ಬಿಡಿ ಅಕ್ಕೋರೆ" ಎಂದಳು. ಮೆತ್ತಗೆ, ಮನೆಯವರಿಗೆ ಹೇಳುವ ಹಾಗೆ.

ಅಕ್ಕೋರು ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಒಂದೊಂದೇ ಬೆರಳು ಸಡಿಲಿಸಿ, ಎರಡೂ ಕೈ ತೆಗೆದು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು.